ನಿಮಿಷಕ್ಕೆ ಹದಿನೆಂಟು

ಮಳೆ ಬಂದದ್ದು ರಾತ್ರಿ.
ಮೂರನೇ ವಾರ್ಡಿನ ಕಿಟಕಿ ಬಡಿದುಕೊಂಡಾಗ
ಎದ್ದು ಚಿಲಕ ಹಾಕಿದ್ದಷ್ಟೇ ನೆನಪು.
ಬೆಳಿಗ್ಗೆ ಆಕಾಶ ತೊಳೆದಿಟ್ಟ ಸ್ಟೀಲ್ ತಟ್ಟೆ.
ಚಿಂತಾಮಣಿಯ ಜೋಡಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂತು,
ಬ್ರೇಕ್ ಒತ್ತಿದೆ,
ಕಾರಿನೊಳಗೆ ಮಳೆ ಬಂತು.

ತಲೆಯ ಮೇಲಿನ ದೀಪದ ಗಾಜಿನಲ್ಲಿ ಅರ್ಧ ಲೋಟ ನೀರು
ಆಚೆ ಈಚೆ ತುಳುಕುತ್ತ
ಒಂದೊಂದೇ ಹನಿ ಯೂನಿಫಾರ್ಮಿನ ತೋಳಿಗೆ.
ಡ್ರಿಪ್ ಎಣಿಸುವುದು ನನ್ನ ಕಸುಬು.
ಅಭ್ಯಾಸಬಲ, ಎಣಿಸಿದೆ:
ನಿಮಿಷಕ್ಕೆ ಹದಿನೆಂಟು.

ಎರಡನೇ ಕೈ ಕಾರು. ಮಾರಿದ ಕೈವಾರದ ಕಂಟ್ರಾಕ್ಟರು
"ಮೇಲೊಂದು ಕಿಟಕಿ ಇದೆ, ನಕ್ಷತ್ರ ಕಾಣುತ್ತೆ" ಅಂದಿದ್ದ.
ಮೂರು ವರ್ಷದಲ್ಲಿ ತೆರೆದದ್ದು ಎರಡೇ ಸಲ.
ಒಮ್ಮೆ ಅಕ್ಕನ ಮಗಳು ತಲೆ ಆಚೆ ಹಾಕಿ
ಮುರುಗಮಲ್ಲದವರೆಗೂ ಕಿರುಚುತ್ತಾ ಬಂದಳು.
ಇನ್ನೊಮ್ಮೆ, ತಪ್ಪು ಗುಂಡಿ ಒತ್ತಿ.

ಒಬ್ಬ ಗಾಜಿನ ಅಂಚಿಗೆಲ್ಲ ಅಂಟು ಮೆತ್ತಿದ, ಆರುನೂರು ರೂಪಾಯಿ.
ಇನ್ನೊಬ್ಬ ರಬ್ಬರು ಹಳತಾಗಿದೆ ಎಂದ.
ಪಕ್ಕದ ಮನೆಯ ಅಶ್ವತ್ಥನಾರಾಯಣ ಮೇಷ್ಟ್ರು ಟಾರ್ಪಾಲು ಕೊಟ್ಟರು,
"ಕಾರಿಗೆ ತೂತು ಯಾಕಮ್ಮ ಬೇಕಿತ್ತು?" ಅನ್ನುವುದನ್ನೂ ಸೇರಿಸಿ.
ಕಾಲಡಿಯ ಕಾರ್ಪೆಟ್ಟು ಮಾತ್ರ ಒಣಗಲಿಲ್ಲ.
ಬಾಗಿಲು ತೆಗೆದರೆ
ನೆನೆಹಾಕಿ ಮರೆತ ಹುರುಳಿಯ ವಾಸನೆ.

ಇಲಿಯಾಸ್ ಸಾಬರ ಶೆಡ್ಡು ಟೊಮೆಟೊ ಮಂಡಿಯ ಹಿಂದೆ.
ಅಂಟನ್ನು ಉಗುರಿನಿಂದ ಕೆರೆದು ನಕ್ಕರು.
ಕೇಳಿದ್ದು ಒಂದೇ: "ಸಿಸ್ಟರ್, ಗಾಡಿ ಎಲ್ಲಿ ನಿಲ್ಲಿಸ್ತೀರ?"
ಆಸ್ಪತ್ರೆಯ ಹಿಂದೆ, ಹೊಂಗೆ ಮರದ ಕೆಳಗೆ.
"ಮತ್ತೆ!" ಅಂದರು,
ರೋಗ ತಿಳಿದ ಡಾಕ್ಟರ ಹಾಗೆ, ಉಳಿದದ್ದನ್ನು ಹೇಳದೆ.

ಗಾಜು ಸರಿದರೆ ಸುತ್ತ ಕಿರುಬೆರಳಗಲದ ಕಾಲುವೆ,
ನಾಲ್ಕು ಮೂಲೆಗೆ ನಾಲ್ಕು ತೂತು.
(ನಮ್ಮೂರ ಕೆರೆಗೇ ಇರುವುದು ಒಂದು ತೂಬು.)
ಈ ಗಾಜು ಯಾವತ್ತೂ ನೀರನ್ನು ಪೂರಾ ತಡೆಯುವುದಿಲ್ಲವಂತೆ.
ಬರಲಿ ಅಂತಲೇ ಬಿಟ್ಟಿರುತ್ತಾರಂತೆ.
ಬಂದದ್ದು ಕಂಬದೊಳಗಿನ ಕೊಳವೆಯಲ್ಲಿ ಇಳಿದು
ಬಾಗಿಲ ಸಂದಿಯಿಂದ, ಚಕ್ರದ ಹಿಂದಿನಿಂದ
ಸದ್ದಿಲ್ಲದೆ ನೆಲ ಸೇರುತ್ತದಂತೆ.
ಇಷ್ಟು ವರ್ಷ ನನ್ನ ಕಿವಿಯ ಪಕ್ಕದಲ್ಲೇ ಹರಿದಿರಬೇಕು.

ಹುಡುಗ ವೆಂಕಟರವಣ ಗಾಳಿಯ ಪೈಪು ಎಳೆದು ತಂದ.
"ಏಯ್, ಬ್ಯಾಡ! ಒಳಗೆ ಜಾಯಿಂಟು ಕಿತ್ಕೊಂಡ್ರೆ
ನಿಮ್ಮ ತಾತ ಬಂದು ಬಿಚ್ತಾನಾ?"
ನಾನೂ ಅದನ್ನೇ ಹೇಳುವವಳಿದ್ದೆ.
ಕಟ್ಟಿಕೊಂಡ ಸೂಜಿಗೆ ಸಿರಿಂಜು ಹಾಕಿ ಒತ್ತಬೇಡಿ ಎಂದು
ಹೊಸ ಹುಡುಗಿಯರನ್ನು ವಾರಕ್ಕೊಮ್ಮೆ ಬೈಯುತ್ತೇನೆ.

ಹುಲ್ಲು ಕತ್ತರಿಸುವ ಮಿಷಿನ್ನಿನ ನೈಲಾನು ದಾರ,
ತುದಿಯನ್ನು ಬೀಡಿಯ ಕೆಂಡಕ್ಕೆ ತಾಗಿಸಿ ಗುಂಡಗೆ ಮಾಡಿ
ಇಳಿಸಿದರು, ತಿರುವಿದರು,
ಒಂದು ಗೇಣು, ಎರಡು ಗೇಣು,
ನಿಂತಿತು.
ಸಾಬರು ಕಣ್ಣು ಮುಚ್ಚಿಕೊಂಡರು.
ನರ ಸಿಗದ ಕೂಸಿನ ಕೈ ಹಿಡಿದಾಗ
ನಾನೂ ಮುಚ್ಚಿಕೊಳ್ಳುತ್ತೇನೆ.

ಬಂದದ್ದು: ಹೊಂಗೆ ಹೂವು ಕೊಳೆತ ಕಪ್ಪು ರೊಚ್ಚು,
ಕಲ್ಲು ಕ್ವಾರಿಯ ಬಿಳಿ ಹಿಟ್ಟು, ಈಸಲ ರೆಕ್ಕೆಗಳು,
ಕೆಂಪು ರಿಬ್ಬನ್ನಿನ ಒಂದು ಎಳೆ.
ಯಾರದೆಂದು ನನಗೆ ಗೊತ್ತು.

ಮೂರು ಮೂಲೆ ಬಿಟ್ಟವು. ಹಿಂದಿನ ಎಡದ್ದು ಹಟಮಾರಿ.
ಟೀ ಲೋಟದಲ್ಲಿ ನೀರು ಹುಯ್ದು
ಮೂವರೂ ಕುಕ್ಕರುಗಾಲಲ್ಲಿ ಕೂತೆವು, ಚಕ್ರದ ಪಕ್ಕ, ಕತ್ತು ವಾರೆ ಮಾಡಿ.
ಕೋಲಾರ ಸೀಮೆಯವರು ನಾವು.
ಕೊಳಾಯಿಗೆ, ಟ್ಯಾಂಕರಿಗೆ, ಬೋರಿಗೆ
ನೀರು ಬರಲಿ ಎಂದು ಕಾದು ಗೊತ್ತು.
ಹೋಗಲಿ ಎಂದು ಕಾದದ್ದು ಇದೇ ಮೊದಲು.

ಮಣ್ಣಿನ ಮೇಲೆ ಒಂದು ಕಪ್ಪು ಚುಕ್ಕೆ.
ಅದರ ಪಕ್ಕ ಇನ್ನೊಂದು.
ವಾಚು ನೋಡಿಕೊಂಡು ಎಣಿಸಿದೆ, ಇಪ್ಪತ್ತೆರಡು.
"ಸಾಕಾ ಸಿಸ್ಟರ್?"
"ವಯಸ್ಸಾದವರಿಗೆ ಸಾಕು" ಅಂದೆ.
ವೆಂಕಟರವಣ ಯಾಕೋ ತುಂಬಾ ಹೊತ್ತು ನಕ್ಕ.

ಮೊಳದುದ್ದ ನೈಲಾನು ಕೇಳಿ ಇಸಿದುಕೊಂಡು
ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ, ಥರ್ಮಾಮೀಟರಿನ ಪಕ್ಕ.
ಮಾರನೆಯ ದಿನವೂ ಹೊಂಗೆಯ ಕೆಳಗೇ ನಿಲ್ಲಿಸಿದೆ.
ಅಲ್ಲಿ ಬೇರೆ ನೆರಳಿಲ್ಲ.